ಬಸ್ಸಿನಲ್ಲಿದ್ದ ಕೂಸು

ನ್ಯಾಮತಿ ಬಸ್‌ಸ್ಟ್ಯಾಂಡಿನಲ್ಲಿ ಹೂವು ಮಾರುವ ಶಂಕ್ರಮ್ಮ ಹೈಕೋರ್ಟಿನ ಮೆಟ್ಟಿಲು ಹತ್ತಿದ್ದು ೧೯೮೬ರಲ್ಲಿ. ಯಾವುದೋ ಗುಂಪಿನ ಮಾತು ಕೇಳಿ ಹೊನ್ನಾಳಿ ಬಸ್ಸಿನ ಸೀಟಿನಡಿ ಬಾಂಬ್ ಇಟ್ಟಿದ್ದ ಮಗ ಗದಿಗೇಶನಿಗೆ ಕೆಳಗಿನ ಕೋರ್ಟು ಐದು ವರ್ಷ ಶಿಕ್ಷೆ ಕೊಟ್ಟಿತ್ತು. ಅದು ಸಾಲದೆಂದು ಸರ್ಕಾರವೇ ಮೇಲ್ಮನವಿ ಹಾಕಿತ್ತು. ಬಾಂಬು ಸಿಡಿಯಲಿಲ್ಲ, ಯಾರಿಗೂ ಏನೂ ಆಗಲಿಲ್ಲ, ಐದೇ ಹೆಚ್ಚಾಯಿತು ಎಂದು ಅವಳು ಊರಲ್ಲೆಲ್ಲ ಹೇಳಿಕೊಂಡು ತಿರುಗಿದ್ದಳು.

ಕೋರ್ಟಿನೊಳಗೆ ಮಗ ಕಾಣಲಿಲ್ಲ.

"ಅವನ್ನ ಕರ್ಕೊಂಡು ಬರಲ್ವೇನ್ರೀ ಲಾಯರ್ರೇ?"

"ಇಲ್ಲಿ ಸಾಕ್ಷಿ ಮತ್ತೆ ಕೇಳಲ್ಲ ಶಂಕ್ರಮ್ಮ. ಅಲ್ಲಿ ಬರೆದಿದ್ದನ್ನ ಓದಿ, ಶಿಕ್ಷೆ ಸರಿ ಐತೋ ಇಲ್ಲೋ ನೋಡ್ತಾರೆ, ಅಷ್ಟೇ" ಎಂದರು ವಕೀಲ ಮಹೇಶ್ವರಪ್ಪ.

ಯಾರೂ ಸಾಯಲಿಲ್ಲವೆಂದು ಅವರು ವಾದಿಸಿದರು. ಸಿಡಿದಿದ್ದರೆ ಏನಾಗುತ್ತಿತ್ತೆಂದು ನ್ಯಾಯಾಧೀಶರು ಕೇಳಿದರು. ಸರ್ಕಾರಿ ವಕೀಲರು ಆ ಬಸ್ಸಿನ ಕಂಡಕ್ಟರ್ ಕನ್ನಡದಲ್ಲಿ ಕೊಟ್ಟಿದ್ದ ಹೇಳಿಕೆಯನ್ನು ಓದಿದರು. ಅದೇ ಸೀಟಿನಲ್ಲಿ ಒಬ್ಬ ಬಾಣಂತಿ ಮೂರು ತಿಂಗಳ ಕೂಸಿಗೆ ಹಾಲೂಡಿಸುತ್ತಿದ್ದಳಂತೆ. ಸೆಕೆಯೆಂದು ಅದರ ಕುಲಾವಿ ಬಿಚ್ಚಿದ್ದಳಂತೆ.

ಕೂಸಿನ ವಿಷಯ ಶಂಕ್ರಮ್ಮನಿಗೆ ಯಾರೂ ಹೇಳಿರಲಿಲ್ಲ. ಐದು ವರ್ಷ ಹತ್ತಾಯಿತೆಂದು ನ್ಯಾಯಾಧೀಶರು ಹೇಳಿದ್ದೂ ಎಲ್ಲೋ ದೂರದಿಂದೆಂಬಂತೆ ಕೇಳಿಸಿತು.

ಹೊರಗೆ ಬಂದ ಮೇಲೆ ಮಹೇಶ್ವರಪ್ಪ, "ಎದೆಗುಂದಬ್ಯಾಡಿ, ಸುಪ್ರೀಂ ಕೋರ್ಟಿಗೆ ಹೋಗಾಕೆ ದಾರಿ ಐತೆ" ಎಂದರು.

"ಅದು ಆಮ್ಯಾಲೆ. ಮೊದ್ಲು ನನ್ನ ಜೈಲಿಗೆ ಕರ್ಕೊಂಡು ಹೋಗ್ರಿ. ಬಾಂಬ್ ಇಡೋವಾಗ ಆ ಕೂಸು ಕಣ್ಣಿಗೆ ಬಿದ್ದಿತ್ತೇನೋ ಅಂತ ಅವನ್ನ ಕೇಳಬೇಕು."