ತೂತಪ್ಪ ಕಟ್ಟಿದ ತೂತಿಲ್ಲದ ಕೋಣೆ

ಆಫೀಸಿನಲ್ಲಿ ಅವನನ್ನು ಎಲ್ಲರೂ ತೂತಪ್ಪ ಎಂದೇ ಕರೆಯುತ್ತಿದ್ದರು. ತಪ್ಪೇನೂ ಇಲ್ಲ ಬಿಡಿ. ಲೋಕವೆಲ್ಲ ಕಂಪ್ಯೂಟರಿನ ತೂತು ಮುಚ್ಚಲು ಒದ್ದಾಡುತ್ತಿದ್ದರೆ, ಈ ಮಹಾನುಭಾವ ಸಂಬಳ ತೆಗೆದುಕೊಂಡು ತೂತು ಕೊರೆಯುತ್ತಿದ್ದ. ಕಳ್ಳರನ್ನು ತಡೆಯಬೇಕಾದರೆ ಮೊದಲು ಕನ್ನ ಹಾಕಲು ಬರಬೇಕಲ್ಲ! ಅದಕ್ಕೆಂದೇ ಕಲಿಯುವವರಿಗೆ ಒಬ್ಬೊಬ್ಬರಿಗೂ ಕಂಪ್ಯೂಟರಿನೊಳಗೆ ಒಂದೊಂದು ಪುಟ್ಟ ಕೋಣೆ ಕಟ್ಟಿಕೊಡುತ್ತಿದ್ದ. ಕಂಟೇನರ್ ಎನ್ನುತ್ತಾರೆ ಅದನ್ನು. ಎಲ್ಲೋ ಒಂದು ತೂತು, ಒಳಗೊಂದು ಗುಟ್ಟಿನ ಪದ. ಪದ ತಂದವರು ಪಾಸು. ಕೋಣೆ ಹಾಳಾದರೆ ಕೆಡವಿ ಇನ್ನೊಂದು ಕಟ್ಟಿದರಾಯಿತು.

ಈ ಸಲ ಪರೀಕ್ಷೆಗೆ ಕೂತವರಲ್ಲಿ ಅವನ ಹೆಂಡತಿಯೂ ಇದ್ದಳು. ಮಗಳು ಹುಟ್ಟಿದ ಮೇಲೆ ಕೆಲಸ ಬಿಟ್ಟವಳು. ಆಮೇಲೆ ಹೋದ ಕಡೆಯೆಲ್ಲ "ಇಷ್ಟು ವರ್ಷ ಏನ್ ಮಾಡ್ತಿದ್ರಿ?" ಎಂದು ಕೇಳಿಸಿಕೊಂಡು ಕೇಳಿಸಿಕೊಂಡು ರೋಸಿಹೋಗಿದ್ದಳು. ಇಲ್ಲಿ ಪಾಸಾದರೆ ಇದೇ ಆಫೀಸಿನಲ್ಲಿ ಕೆಲಸ. ಇಲ್ಲವಾದರೆ ಇನ್ನು ಯಾರ ಬಾಗಿಲೂ ತಟ್ಟುವುದಿಲ್ಲ ಎಂದು ಹೇಳಿಬಿಟ್ಟಿದ್ದಳು. ತೂತಪ್ಪನಿಗೋ ನಿಯತ್ತಿನ ಹುಚ್ಚು. "ಒಂದಕ್ಷರ ಹೇಳಲ್ಲ. ಆಮೇಲೆ ವಶೀಲಿ ಅಂತಾರೆ" ಎಂದು ಮನೆಯಲ್ಲೂ ಬಾಯಿ ಬಿಡಲಿಲ್ಲ.

ಪರೀಕ್ಷೆಯ ದಿನ ಮಧ್ಯಾಹ್ನವಾದರೂ ಒಬ್ಬರಿಗೂ ಪದ ಸಿಗಲಿಲ್ಲ. ತೂತಪ್ಪ ಸಾಲುಗಳ ನಡುವೆ ಮದುವೆ ಗಂಡಿನ ಹಾಗೆ ಓಡಾಡಿದ. "ನಮ್ಮ ಕೆಲಸ ಅಂದ್ರೆ ಸುಮ್ನೇನಾ ಸಾರ್!" ಎಂದು ಮೇಲಧಿಕಾರಿಯ ಹತ್ತಿರ ಕೊಚ್ಚಿಕೊಂಡ.

ಆಗ ಹೆಂಡತಿ ಎದ್ದು ನಿಂತಳು. "ಸಾರ್, ಇದರಲ್ಲಿ ತೂತೇ ಇಲ್ಲ. ಒಳಗಿರೋದು ಹೊಸ ಸಾಫ್ಟ್‌ವೇರು. ಇದಕ್ಕೆ ಕನ್ನ ಹಾಕೋಕಾಗಲ್ಲ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!" ಎಂದುಬಿಟ್ಟ ತೂತಪ್ಪ. ಪರೀಕ್ಷೆಯ ಹಾಲ್‌ನಲ್ಲಿದ್ದವರೆಲ್ಲ ನಕ್ಕರು. ಅವಳ ಕಣ್ಣಲ್ಲಿ ನೀರಾಡಿತು, ಆದರೂ ಕೂರಲಿಲ್ಲ.

"ಹಾಗಾದ್ರೆ ನೀವೇ ಬಂದು ಒಡೆದು ತೋರಿಸಿ" ಎಂದಳು.

ಅಯ್ಯೋ, ಅಲ್ಲಿಂದ ಶುರುವಾಯಿತು ಪಜೀತಿ. ತಾನೇ ಕೊರೆದ ದಾರಿಯಲ್ಲಿ ಹೋದ, ಮುಚ್ಚಿತ್ತು. ಇನ್ನೊಮ್ಮೆ ಹೋದ, ಆಗಲೂ ಮುಚ್ಚಿತ್ತು. ಬೆವರು ಒರೆಸಿಕೊಂಡು ಹುಡುಕಿದರೆ, ಬೆಳಿಗ್ಗೆ ಕೋಣೆಗಳನ್ನು ಕಟ್ಟಿಸುವಾಗ ತೂತಿರುವ ಹಳೆಯ ಸಾಫ್ಟ್‌ವೇರೇ ಬೇಕೆಂದು ಹೇಳುವುದನ್ನು ಮರೆತಿದ್ದ. ಯಂತ್ರ ಪಾಪ, ಇರುವುದರಲ್ಲಿ ಹೊಸದನ್ನೇ ತಂದು ಹಾಕಿತ್ತು. ಹೊಸದರಲ್ಲಿ ಆ ತೂತನ್ನು ಸಾಫ್ಟ್‌ವೇರ್ ತಯಾರಿಸಿದವರೇ ರಿಪೇರಿ ಮಾಡಿ ಮುಗಿಸಿದ್ದರು. ಕಟ್ಟಿದ ಮೇಲೆ ಒಮ್ಮೆ ಒಡೆದು ನೋಡಬೇಕೆಂಬುದು ನಿಯಮ. ನಾನು ಕಟ್ಟಿದ್ದು ನನಗೆ ಗೊತ್ತಿಲ್ಲವೇ ಎಂದು ಅದನ್ನೂ ಬಿಟ್ಟಿದ್ದ. ಬೇರೆ ಯಾವ ಆಫೀಸಿನಲ್ಲಾದರೂ ಇಂಥ ಭದ್ರ ಕೆಲಸಕ್ಕೆ ಶಭಾಷ್ ಎನ್ನುತ್ತಿದ್ದರು.

ಮೇಲಧಿಕಾರಿ ಉಳಿದವರಿಗೆ ಮರುಪರೀಕ್ಷೆ ಎಂದು ಹೇಳಿ ಅವಳತ್ತ ತಿರುಗಿದ. "ಮೇಡಂ, ನಾಳೆಯಿಂದ್ಲೇ ಕೆಲಸಕ್ಕೆ ಬನ್ನಿ. ಇವರು ಕಟ್ಟಿದ್ದನ್ನ ನೀವು ಒಡೆದು ನೋಡದೆ ಹೊರಗೆ ಬಿಡಲ್ಲ."

ಮನೆಯ ದಾರಿಯಲ್ಲಿ ತೂತಪ್ಪನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಕೊನೆಗೆ ಮೆಲ್ಲಗೆ, "ತಪ್ಪಾಯ್ತು ಕಣೇ. ಎಲ್ಲರ ಮುಂದೆ ಹಾಗನ್ನಬಾರದಿತ್ತು" ಎಂದ.

"ಇಲ್ಲಿ ಕೇಳೋಕೆ ಯಾರಿದ್ದಾರೆ?" ಎಂದಳು ಅವಳು. "ನಾಳೆ ಅದೇ ಹಾಲ್‌ನಲ್ಲಿ, ಅಷ್ಟೇ ಜೋರಾಗಿ ಹೇಳ್ರೀ."