ಯಾರ ಪೆಟ್ಟಿಗೆಗೆ ಕಾವು

ಇದರಲ್ಲಿ ಕೆಲವನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಜೀರುಂಡೆಗಳ ಡಬ್ಬಿ ನೀಲಿ ಬಣ್ಣದ್ದು ಎಂದು ನನ್ನ ನೆನಪು. ಹಸಿರು ಎನ್ನುತ್ತಾನೆ ತಮ್ಮ. ಆ ದಿನಗಳ ಒಂದೇ ಒಂದು ಫೋಟೋ ನನ್ನ ಫೋನಿನಲ್ಲಿ ಉಳಿದಿದೆ. ಅದರಲ್ಲಿ ಕಪ್ಪೆ ಮಾತ್ರ ಇದೆ, ಅದೂ ಅರ್ಧ ಮಣ್ಣಿನೊಳಗೆ. ಎಳ್ಳ ಅಮಾವಾಸ್ಯೆಯ ಆಸುಪಾಸು ನಡೆದದ್ದು ಎಂಬುದಷ್ಟೇ ಖಚಿತ, ಏಕೆಂದರೆ ಅತ್ತೆಯ ಕೈಯಲ್ಲಿ ಸಜ್ಜೆಯ ಕಡುಬು ಇತ್ತು. ಉಳಿದದ್ದನ್ನು ಮನಸ್ಸಿನಲ್ಲಿ ಎಷ್ಟೋ ಸಲ ತಿರುವಿ ಹಾಕಿದ್ದೇನೆ. ತಿರುವಿದಾಗಲೆಲ್ಲ ಒಂದಿಷ್ಟು ಬದಲಾಗಿರಲೂಬಹುದು.

ಅತ್ತೆ ಎಂದರೆ ಅಪ್ಪನ ತಂಗಿ. ನಮ್ಮ ಜೊತೆಯಲ್ಲೇ ಇರುತ್ತಾರೆ. ಗಡಿಯೂರು ಉಮದಿಯ ನಮ್ಮ ಮನೆಯಲ್ಲಿ ಅಡುಗೆಮನೆ, ದೇವರಮನೆ ಎರಡರ ಕಾರಭಾರವೂ ಅವರದೇ. ನಾನು ಇಲ್ಲಿಯ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಕಪ್ಪೆ ನನ್ನದಲ್ಲ, ನನ್ನ ಜೊತೆ ಕೊಲ್ಲಾಪುರದಲ್ಲಿ ಪ್ರಾಣಿಶಾಸ್ತ್ರ ಓದಿದ ಗೆಳತಿಯದು. ಮದುವೆಯಾದ ಮೇಲೆ ಗಂಡನ ಮನೆಗೆ ಅದನ್ನು ಒಯ್ಯುವುದು ಆಗದ ಮಾತು ಎಂದು ನನಗೆ ಕೊಟ್ಟಳು. ದಕ್ಷಿಣ ಅಮೆರಿಕದ ಜಾತಿ, ಬೇಕರಿಯ ಬನ್ನಿನಷ್ಟು ದಪ್ಪ, ಮೈಯಷ್ಟೇ ಅಗಲದ ಬಾಯಿ. ದಿನವಿಡೀ ಮಣ್ಣಿನಲ್ಲಿ ಹೂತು ಕುಳಿತು, ಬಾಯಿಯ ಮುಂದೆ ಏನಾದರೂ ಅಲುಗಾಡಲಿ ಎಂದು ಕಾಯುವುದೇ ಅದರ ಉದ್ಯೋಗ. ಅದರ ಊಟಕ್ಕೆಂದು ಒಂದು ಡಬ್ಬಿ ಜೀರುಂಡೆಗಳನ್ನೂ ಗೆಳತಿ ಕೊಟ್ಟಿದ್ದಳು.

ಕಪ್ಪೆಗೆ ಹಳೆಯ ಮೀನಿನ ಗಾಜಿನ ತೊಟ್ಟಿ. ಅದರೊಳಗೆ ದಾಳಿಂಬೆ ಸಸಿಗಳ ನರ್ಸರಿಯಿಂದ ತಂದ ತೆಂಗಿನ ನಾರಿನ ಪುಡಿಯನ್ನು ಒದ್ದೆ ಮಾಡಿ ತುಂಬಿದ್ದೆ. ಕಾವಿಗೆ ಹೀಟ್ ಮ್ಯಾಟ್, ಅಂದರೆ ಕರೆಂಟಿನಿಂದ ಬೆಚ್ಚಗಾಗುವ ತೆಳುವಾದ ಹಾಳೆ. ಅದನ್ನು ತೊಟ್ಟಿಯ ಅಡಿಯಲ್ಲಿ ಇಡಬಾರದು. ಸೆಕೆಯಾದರೆ ಕಪ್ಪೆ ತಂಪು ಹುಡುಕಿ ಕೆಳಗೆ ತೋಡುತ್ತದೆ, ಕೆಳಗೇ ಕಾವು ಇದ್ದರೆ ಹೊಟ್ಟೆ ಸುಟ್ಟುಕೊಳ್ಳುತ್ತದೆ. ಹಾಗಾಗಿ ಗೋಡೆಯ ಕಡೆಯ ಗಾಜಿಗೆ ಅಂಟಿಸಿದ್ದೆ. ಥರ್ಮೋಸ್ಟಾಟಿನ ವೈರಿನ ತುದಿ ಮಣ್ಣಿನಲ್ಲಿರುತ್ತಿತ್ತು; ಮಣ್ಣು ತಣ್ಣಗಾದರೆ ಮ್ಯಾಟ್ ಚಾಲೂ, ಬೆಚ್ಚಗಾದರೆ ಬಂದ್.

ಜೀರುಂಡೆಗಳಿಗೆ ಪ್ಲಾಸ್ಟಿಕ್ ಡಬ್ಬಿ, ಮುಚ್ಚಳಕ್ಕೆ ಜಾಲರಿ. ಅವು ಅಡಗಿ ಕೂರಲು ತತ್ತಿ ಇಡುವ ರಟ್ಟಿನ ಟ್ರೇ ಬೇಕು. ಓಣಿಯ ತುದಿಯ ತತ್ತಿ ಅಂಗಡಿಯ ಚಾಚಾನ ಹತ್ತಿರ ಕೇಳಲು ಹೋದೆ.

"ಏನವಾ, ತತ್ತಿ ಟ್ರೇ ಒಯ್ಯಾಕತ್ತಿ, ನಿಮ್ಮತ್ತಿಗಿ ಗೊತ್ತೈತೇನು?"

"ಖಾಲಿ ಟ್ರೇ ಅಲ್ಲೇನ್ರಿ ಚಾಚಾ."

"ಖಾಲಿ ಐತಿ ಅಂತ ನನಗ ಗೊತ್ತು. ಓಣಿಗೆ ಹೆಂಗ ಗೊತ್ತಾಗಬೇಕು? ತಡಿ, ಪೇಪರ್‌ನ್ಯಾಗ ಸುತ್ತಿ ಕೊಡ್ತೀನಿ."

"ಸುತ್ತಿಕೊಂಡು ಹೋದ್ರ ತುಂಬಿದ ಟ್ರೇ ಅಂತಾರ. ಹಂಗ ಕೊಡ್ರಿ."

ಅವರು ನಗುತ್ತ ಟ್ರೇಯನ್ನು ಬೋರಲು ಮಾಡಿ ರಸ್ತೆಗೆ ಕಾಣುವಂತೆ ನನ್ನ ತಲೆಯ ಮೇಲಿಟ್ಟರು. ಮನೆಯವರೆಗೂ ಹಾಗೇ ಬಂದೆ.

ಅತ್ತೆಗೆ ಟ್ರೇ ತೊಂದರೆಯಾಗಲಿಲ್ಲ. ತೊಂದರೆಯಾದದ್ದು ಕಪ್ಪೆಯ ಊಟ. ಮೊದಲ ದಿನ ನಾನು ಇಕ್ಕಳದಲ್ಲಿ ಜೀರುಂಡೆ ಹಿಡಿದು ಒಡ್ಡಿದ್ದನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟರು.

"ಎಮ್ಮೆಸ್ಸಿ ಓದಿ ಇದನ್ನ ಕಲತು ಬಂದೇನು? ಜೀವಕ್ಕ ಜೀವಾ ತಿನಸೂದು?"

"ಅದಕ್ಕ ರೊಟ್ಟಿ ಹಾಕಿದ್ರ ತಿನ್ನಂಗಿಲ್ರಿ ಅತ್ತಿ."

"ನೀ ಹಾಕಿ ನೋಡೀಯೇನು?"

ನಾನು ನೋಡಿರಲಿಲ್ಲ. ಅವರು ನೋಡಿದರು. ಜೋಳದ ರೊಟ್ಟಿಯ ಚೂರನ್ನು ಕಪ್ಪೆಯ ಮೂತಿಯ ಮುಂದೆ ಇಟ್ಟು ಬಹಳ ಹೊತ್ತು ಕೂತರು. ರೊಟ್ಟಿ ಅಲುಗಾಡಲಿಲ್ಲ, ಕಪ್ಪೆಯೂ ಅಲುಗಾಡಲಿಲ್ಲ. ಕೊನೆಗೆ ಒಂದು ಒಪ್ಪಂದವಾಯಿತು: ಸೋಮವಾರ ಮನೆಯಲ್ಲಿ ಕಪ್ಪೆಗೆ ಊಟವಿಲ್ಲ. ಬೆಳೆದ ಕಪ್ಪೆಗೆ ದಿನವೂ ಉಣಿಸುವ ಅಗತ್ಯವಿಲ್ಲದ್ದರಿಂದ ನಾನು ಒಪ್ಪಿದೆ. "ಅತ್ತಿ, ಇನ್ನ ಅದಕ್ಕ ವಿಭೂತಿ ಹಚ್ಚೂದೊಂದು ಬಾಕಿ ನೋಡ್ರಿ" ಎಂದ ತಮ್ಮ. "ಮೊದಲ ನಿನ್ನ ಹಣಿಗೆ ಹಚ್ಕೋ" ಎಂದರು ಅತ್ತೆ.

ಡಬ್ಬಿ ಮತ್ತು ತೊಟ್ಟಿ ಎರಡೂ ಕಾಳು ಇಡುವ ಕೋಣೆಯಲ್ಲಿದ್ದವು. ಗೋಡೆಯ ಆಚೆ ಅತ್ತೆ ಮಲಗುವ ಜಾಗ. ಸಂಜೆಯಾದರೆ ಜೀರುಂಡೆಗಳು ಒಟ್ಟಾಗಿ ಕೂಗಲು ಶುರುಮಾಡುತ್ತಿದ್ದವು. ಮೊದಲು ಗೊಣಗಿದ ಅತ್ತೆ ಕ್ರಮೇಣ ಅವುಗಳಿಗೆ ಸೌತೆಕಾಯಿ ಹೋಳು, ನೆನೆಸಿದ ಕಡಲೆ ಹಾಕತೊಡಗಿದರು. ಕಪ್ಪೆಯ ತೊಟ್ಟಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ ಎಂದು ನನ್ನ ನೆನಪು. ಆದರೆ ಒಮ್ಮೆ ಅದರ ನೀರಿನ ಬಟ್ಟಲು ತೊಳೆದು ಇಟ್ಟದ್ದೂ ನೆನಪಿದೆ. ಎರಡೂ ನಿಜವಿರಬಹುದು.

ಎಳ್ಳ ಅಮಾವಾಸ್ಯೆಯ ದಿನ ಎಲ್ಲರೂ ಹೊಲಕ್ಕೆ ಹೋಗಿ, ಕಡುಬು, ಪಲ್ಯ ಕಲಸಿ ಬೆಳೆಯ ನಡುವೆ ಚರಗ ಚೆಲ್ಲಿ ಬಂದೆವು. ಭೂಮಿತಾಯಿಗೂ ಹೊಲದ ಸಣ್ಣಪುಟ್ಟ ಜೀವಗಳಿಗೂ ಸಲ್ಲಬೇಕಾದ ಊಟ ಅದು. ಮನೆಗೆ ಬಂದ ಅತ್ತೆ ಉಳಿದ ಕಡುಬನ್ನು ಪುಡಿ ಮಾಡಿ ಜೀರುಂಡೆಗಳ ಡಬ್ಬಿಗೂ ಉದುರಿಸಿದರು.

"ಹೊಲದಾಗಿನ ಹುಳಕ್ಕ ಚರಗ ಚೆಲ್ಲತೀವಿ, ಮನ್ಯಾಗಿನ ಹುಳಕ್ಕ ಬ್ಯಾಡೇನು?"

"ಕಪ್ಪಿಗೆ?" ಎಂದೆ.

"ಅದಕ್ಕ ಇವೇ ಚರಗ ಆಗ್ಯಾವಲ್ಲ, ಮತ್ತೇನ ಬೇಕು ಅದಕ್ಕ?"

ಆ ವಾರ ಥಂಡಿ ಜೋರಾಗಿತ್ತು. ಕಪ್ಪೆ ಉಣ್ಣುವುದನ್ನು ಬಿಟ್ಟಿತು. ಮಣ್ಣಿನಲ್ಲಿ ಇನ್ನೂ ಆಳಕ್ಕೆ ಇಳಿಯಿತು, ಕಣ್ಣಷ್ಟೇ ಮೇಲೆ. ಒಡ್ಡಿದ ಜೀರುಂಡೆ ಅದರ ತಲೆಯ ಮೇಲೆಯೇ ಹತ್ತಿ ಇಳಿದು ಹೋಯಿತು, ಬಾಯಿ ತೆರೆಯಲಿಲ್ಲ. ರೋಗವೇ ಎಂದುಕೊಂಡೆ. ದನದ ಡಾಕ್ಟರಿಗೆ ಫೋನ್ ಮಾಡಿದರೆ, "ಎಮ್ಮೀನ್ರಿ, ಆಡೇನ್ರಿ?" ಎಂದು ಕೇಳಿ, ಕಪ್ಪೆ ಎಂದ ಮೇಲೆ "ನಾ ನೋಡಿದ್ದಿಲ್ರಿ ಮೇಡಂ" ಎಂದರು. ಅದು ಸತ್ತೇ ಹೋಗುತ್ತದೆ, ಗೆಳತಿಗೆ ಏನು ಹೇಳುವುದು ಎಂಬ ಯೋಚನೆಯಲ್ಲೇ ಶಾಲೆಗೆ ಹೋಗಿ ಬರುತ್ತಿದ್ದೆ.

ವಿಚಿತ್ರವೆಂದರೆ ಜೀರುಂಡೆಗಳು ಹಗಲಲ್ಲೂ ಕೂಗುತ್ತಿದ್ದವು, ಎಂದೂ ಇಲ್ಲದ ಅಬ್ಬರದಲ್ಲಿ. ಅದನ್ನು ಕೇಳಿಸಿಕೊಂಡೂ ನನಗೆ ಹೊಳೆಯಲಿಲ್ಲ. ಒಂದು ಬೆಳಿಗ್ಗೆ ತೊಟ್ಟಿಯ ಗಾಜಿನ ಮೇಲೆ ಅಂಗೈ ಇಟ್ಟರೆ ಕೊಡದ ನೀರಿನಷ್ಟು ತಣ್ಣಗಿತ್ತು. ಹಿಂದೆ ಬಗ್ಗಿ ನೋಡಿದರೆ ಮ್ಯಾಟ್ ಅಲ್ಲಿರಲಿಲ್ಲ. ಅದು ಜೀರುಂಡೆಗಳ ಡಬ್ಬಿಯ ಹಿಂಬದಿಗೆ ನೀಟಾಗಿ ಅಂಟಿಕೊಂಡಿತ್ತು. ಥರ್ಮೋಸ್ಟಾಟಿನ ತುದಿ ಮಾತ್ರ ಕಪ್ಪೆಯ ಮಣ್ಣಿನಲ್ಲೇ ಇತ್ತು. ಅಲ್ಲಿ ತಣ್ಣಗಿದೆ, ಇನ್ನೂ ಕಾವು ಬೇಕು ಎಂದು ಅದು ಹೇಳುತ್ತಲೇ ಇತ್ತು, ಮ್ಯಾಟ್ ಒಂದೇ ಸಮನೆ ಜೀರುಂಡೆಗಳನ್ನು ಕಾಯಿಸುತ್ತಲೇ ಇತ್ತು. ಕೆಲವು ಟ್ರೇಯ ಗುಳಿಗಳಲ್ಲಿ ಒಣಗಿ ಸತ್ತಿದ್ದವು. ಅಂಟುಪಟ್ಟಿಯ ಮೇಲೆ ಅರಿಶಿನದ ಬೆರಳಿನ ಗುರುತು ಇತ್ತು ಎಂದು ನೆನಪು. ಆ ಅರಿಶಿನವನ್ನು ನಾನೇ ಆಮೇಲೆ ನೆನಪಿಗೆ ಹಚ್ಚಿದೆನೋ ಏನೋ. ಅಷ್ಟು ಚೊಕ್ಕವಾಗಿ ಸಾಕ್ಷಿ ಸಿಗುವುದು ಅಪರೂಪ.

ಸಾಕ್ಷಿಯ ಅಗತ್ಯವೂ ಬೀಳಲಿಲ್ಲ. ಕೇಳಿದ ಕೂಡಲೇ ಅತ್ತೆ ಒಪ್ಪಿಕೊಂಡರು.

"ಥಂಡಿಗೆ ಒದರೂದ ಬಿಟ್ಟಿದ್ದುವು. ಅದಕ ಅಲ್ಲಿ ಹಚ್ಚಿದ್ನಿ. ಕಪ್ಪಿ ಮಣ್ಣ ಹೊದ್ಕೊಂಡ ಮಲಗೇತಲ್ಲ, ನಮ್ಮ ಹಳ್ಳದಾಗಿನವು ಮಲಗಂಗಿಲ್ಲೇನು?"

"ಇದು ಹಂಗಲ್ರಿ ಅತ್ತಿ, ಇದು ಸಾಯ್ತೈತಿ."

ಸಾಯುತ್ತದೆ ಎಂದಾಗ ಅವರ ಮುಖದಲ್ಲಿ ಗಾಬರಿ ಕಂಡಿತೆ? ಕಂಡಿತು ಎಂದೇ ಬರೆಯಬೇಕೆನಿಸುತ್ತದೆ, ಆದರೆ ನಾನು ಆಗ ನೋಡುತ್ತಿದ್ದುದು ಮ್ಯಾಟನ್ನು. ಅವರು ಸತ್ತ ಜೀರುಂಡೆಗಳನ್ನು ಮೊರಕ್ಕೆ ಹಾಕಿಕೊಂಡು ಹೋಗಿ ಬೇವಿನ ಬುಡದಲ್ಲಿ ಮುಚ್ಚಿ ಬಂದರು. ಆಮೇಲೆ ಆಡಿನ ಮರಿಗಳನ್ನು ಮುಚ್ಚುವ ಬಿದಿರಿನ ಬುಟ್ಟಿ ತಂದು ಡಬ್ಬಿಯ ಮೇಲೆ ಬೋರಲಿಟ್ಟು, ಅದರೊಳಗೆ ಸಣ್ಣ ಬಲ್ಬ್ ಇಳಿಬಿಟ್ಟರು. ಮೇಲೆ ಗೋಣಿಚೀಲ ಹೊದಿಸಹೋದಾಗ, ಬಲ್ಬಿನ ಕಡೆ ಬಿಟ್ಟು ಹೊದಿಸಿರಿ ಎಂದೆ. ಮ್ಯಾಟ್ ಮತ್ತೆ ಕಪ್ಪೆಯ ಗಾಜಿಗೆ ಬಂತು. ಕಾವನ್ನು ಒಮ್ಮೆಲೇ ಏರಿಸಲಿಲ್ಲ, ದಿನಕ್ಕೆ ಒಂದಿಷ್ಟು. ನಡುವೆ ಲೈಟ್ ಹೋದರೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಗಾಜಿಗೆ ಆನಿಸುತ್ತಿದ್ದೆ. ನಾನು ಶಾಲೆಯಲ್ಲಿದ್ದಾಗ ಆ ಕೆಲಸ ಅತ್ತೆಯೇ ಮಾಡಿದರು.

ಕಪ್ಪೆ ಮತ್ತೆ ಬಾಯಿ ತೆರೆದ ದಿನ ಅತ್ತೆ ಕೋಣೆಯಲ್ಲೇ ಇದ್ದರು. ಜೀರುಂಡೆ ಅಲುಗಾಡಿತು, ಟಪ್ ಎಂದಿತು. ಅವರು ಗೋಡೆಯ ಕಡೆ ಮುಖ ತಿರುಗಿಸಿ ನಿಂತಿದ್ದರು. ಹೊರಗೆ ಮಾತ್ರ ಹೋಗಲಿಲ್ಲ.

"ತಿಂತೇನು?"

"ತಿಂತ್ರಿ."

"ಹೂಂ."

ಕಪ್ಪೆ ಈಗಲೂ ಇದೆ. ಸೋಮವಾರಗಳೂ ಇವೆ. ಆದರೆ ಒಂದು ವಿಷಯ ನನ್ನನ್ನು ಬಿಡುವುದಿಲ್ಲ. ಮೈ ತಣ್ಣಗಾದರೆ ಕಪ್ಪೆಗೆ ಅರಗಿಸಿಕೊಳ್ಳುವ ಶಕ್ತಿ ಇರುವುದಿಲ್ಲ, ಅದಕ್ಕೇ ಉಣ್ಣುವುದನ್ನು ಬಿಡುತ್ತದೆ. ಮ್ಯಾಟ್ ಹಚ್ಚಿದ ಮೊದಲ ದಿನ, ಇದೇಕೆ ಎಂದು ಅತ್ತೆ ಕೇಳಿದಾಗ, ನಾನು ಇದನ್ನು ವಿವರಿಸಿದ ಹಾಗೆ ನೆನಪು. ಅವರು ಹಿಟ್ಟು ನಾದುತ್ತ "ಹೌದಾ?" ಎಂದದ್ದೂ ಕಿವಿಯಲ್ಲಿದೆ. ಆದರೆ ದಿನವೂ ಮಕ್ಕಳಿಗೆ ಇಂಥದ್ದನ್ನೇ ವಿವರಿಸುವವಳು ನಾನು. ತರಗತಿಯಲ್ಲಿ ಹೇಳಿದ್ದು ಅಡುಗೆಮನೆಯಲ್ಲಿ ಹೇಳಿದಂತೆ ಬೆರೆತುಹೋಗಿರಬಹುದು. ಹೇಳಿರದಿದ್ದರೆ, ಚಳಿಗೆ ಸುಮ್ಮನಾದ ಹುಳಗಳನ್ನು ಅವರು ಬೆಚ್ಚಗಿಟ್ಟರು, ಅಷ್ಟೇ. ಹೇಳಿದ್ದರೆ, ಇಡೀ ಡಬ್ಬಿಯನ್ನು ಉಳಿಸಲು ಕಪ್ಪೆಯೊಂದನ್ನು ಉಪವಾಸ ಕೂರಿಸಿದರು.

ಮೊನ್ನೆ ಅಂಗಳದಲ್ಲಿ ಅವರು ಜೋಳ ಹಸನು ಮಾಡುತ್ತಿದ್ದರು. ಎದುರಿಗೆ ಕೂತು ನಾನೂ ಹರಳು ಆರಿಸುತ್ತ ಕೇಳಿದೆ. ಅವರು ಮೊರವನ್ನು ಎರಡು ಸಲ ಕೊಡವಿ, ಹೊಟ್ಟು ಹಾರಿಸಿ, ಎದ್ದು ಒಳಗೆ ಹೋದರು. ನಾನು ಕೇಳಿದ್ದು ಇಷ್ಟೇ:

"ಅತ್ತಿ, ಥಂಡಿ ಆದ್ರ ಅದು ಉಣ್ಣಂಗಿಲ್ಲ ಅಂತ ನಾ ನಿಮಗ ಮೊದಲ ಹೇಳಿದ್ನೇನ್ರಿ?"