ನಾಟಿ ಹಾಡುಗಳ ರೇಡಿಯೊ

ನಾನು ರೇಡಿಯೊದಲ್ಲಿ ಮಾತಾಡುವ ಕೆಲಸಕ್ಕೆ ಸೇರಿದಾಗ ಮನೆಯಲ್ಲಿ ಯಾರಿಗೂ ಅದು ಕೆಲಸ ಅನ್ನಿಸಿರಲಿಲ್ಲ. ನಾವು ಕೆ.ಆರ್. ಪುರದ ಹಳೆಯ ಊರಿನವರು. ಹೊಲವಿದ್ದ ಕಡೆ ಬಾಡಿಗೆ ಮನೆಗಳು ಎದ್ದಿದ್ದವು, ಅಪ್ಪ ಹಠಕ್ಕೆ ಒಂದೆರಡು ಹಸು ಉಳಿಸಿಕೊಂಡಿದ್ದರು. “ಮಾತಾಡಕ್ಕೆ ಸಂಬಳ ಕೊಡ್ತಾರಾ?” ಎಂದು ಅವರು ಕೇಳಿದ್ದು ತಮಾಷೆಗಲ್ಲ, ನಿಜವಾಗಿ ತಿಳಿದುಕೊಳ್ಳಲು.

ಬೆಂಗಳೂರಿನಲ್ಲಿ ಖಾಸಗಿ ಎಫ್‌ಎಂ ಕೇಂದ್ರಗಳು ಒಂದರ ಹಿಂದೊಂದು ಶುರುವಾಗುತ್ತಿದ್ದ ಕಾಲ ಅದು. ನಮ್ಮದು ಅವುಗಳಲ್ಲೆಲ್ಲ ಚಿಕ್ಕದು. ಪುಲಿಕೇಶಿನಗರದಲ್ಲಿ ಒಂದು ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ನಾನು ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸು ಹತ್ತಿ ಊಟದ ಹೊತ್ತಿಗೆ ಅಲ್ಲಿ ಸೇರುತ್ತಿದ್ದೆ. ಮಧ್ಯಾಹ್ನ ಪೂರ್ತಿ ಕನ್ನಡ ಸಿನಿಮಾ ಹಾಡು, ನಡುವೆ ಕೇಳುಗರ ಫೋನು. ಫೋನು ಮಾಡುವವರಲ್ಲಿ ಹೆಂಗಸರೇ ಹೆಚ್ಚು. ಹಲಸೂರಿನಲ್ಲಿ ಮನೆಯಲ್ಲೇ ರವಿಕೆ ಹೊಲಿಯುವ ಒಬ್ಬಾಕೆ ದಿನಾ ಮಾಡುತ್ತಿದ್ದರು. ಇಂಥದೇ ಹಾಡು ಬೇಕೆಂದು ಅವರು ಯಾವತ್ತೂ ಕೇಳಿದವರಲ್ಲ. “ನೀನು ಏನ್ ಹಾಕಿದ್ರೂ ಸರಿ ಕಣಮ್ಮಾ. ಮಷೀನ್ ಸದ್ದಿನ ಜೊತೆ ಇನ್ನೊಂದು ಸದ್ದು ಇದ್ರೆ ಸಾಕು” ಎನ್ನುತ್ತಿದ್ದರು.

ಒಂದು ಶುಕ್ರವಾರ ಮ್ಯಾನೇಜರು ಎಲ್ಲರನ್ನೂ ಒಳಗೆ ಕರೆದರು. “ಎಲ್ಲ ಸ್ಟೇಷನ್ನೂ ಒಂದೇ ಹಾಡು ಹಾಕ್ತಿವೆ. ನಾವು ಬೇರೆ ಥರ ಕಾಣ್ಬೇಕು ಅಂತ ಮಾಲೀಕರು ಹೇಳಿದಾರೆ. ಸೋಮವಾರದಿಂದ ಪೂರ್ತಿ ಕಂಟ್ರಿ ಮ್ಯೂಸಿಕ್” ಎಂದರು.

ಹಿಂದೆ ನಿಂತಿದ್ದ ಯಾರೋ, “ಯಾವ ಕಂಟ್ರಿ ಸರ್?” ಎಂದರು.

“ಅಮೆರಿಕಾ” ಎಂದರು ಮ್ಯಾನೇಜರು, ಸ್ವಲ್ಪವೂ ನಗದೆ.

“ಹಾಗಾದ್ರೆ ನಾನು?” ಎಂದೆ.

“ನೀವು ಇರಿ. ನಿಮ್ ವಾಯ್ಸ್ ಚೆನ್ನಾಗಿದೆ. ಇಂಗ್ಲಿಷ್ ಬರತ್ತಲ್ಲ?”

ಬರುತ್ತದೆ ಎಂದೆ. ಓದಲು ಬರುತ್ತಿತ್ತು. ಕೆಲಸ ಉಳಿಯಿತೆಂದು ಸಂತೋಷಪಡಬೇಕೋ, ಕಾರ್ಯಕ್ರಮ ಹೋಯಿತೆಂದು ಅಳಬೇಕೋ ತಿಳಿಯದೆ ಬಸ್ಸಿನಲ್ಲಿ ಕೂತಿದ್ದೆ. ಇಳಿಯುವ ಸ್ಟಾಪು ದಾಟಿದ್ದೂ ಗೊತ್ತಾಗಲಿಲ್ಲ.

ಮನೆಯಲ್ಲಿ ವಿಷಯ ಹೇಳಿದಾಗ ಅಪ್ಪ ಯೋಚಿಸಿದರು. “ಕಂಟ್ರಿ ಪಿಸ್ತೂಲು ಅಂತ ಪೇಪರ್‌ನಾಗೆ ಬರ್ತೈತೆ. ಕಂಟ್ರಿ ಅಂದ್ರೆ ನಾಟಿ ತಾನೆ?”

“ಒಂಥರಾ ಹಂಗೇ ಅಪ್ಪ.”

ಅಮ್ಮನ ಮುಖ ಅರಳಿತು. “ನಾಟಿ ಹಾಡು ಅಂದ್ರೆ ನಮ್ಮ ಕಡೆ ಹಾಡೇ ಆಯ್ತಲ್ಲ. ಸೋಬಾನೆ ಪದ, ರಾಗಿ ಬೀಸೋ ಪದ. ಈಗಾದ್ರೂ ಬುದ್ಧಿ ಬಂತಲ್ಲ ಅವರಿಗೆ.”

“ಅಲ್ಲಮ್ಮ, ಅಮೆರಿಕದ ಹಳ್ಳಿಯೋರ ಹಾಡು.”

“ಅಮೆರಿಕದಾಗೂ ಹಳ್ಳಿ ಅವೆಯಾ?”

ಇರಬೇಕು ಎಂದೆ. ಆ ಹಳ್ಳಿ ಹೇಗಿರುತ್ತದೆಂದು ನನಗೂ ಗೊತ್ತಿರಲಿಲ್ಲ. ಅಮ್ಮ ಮಾತ್ರ ಮೊದಲು ಅರ್ಥವಾದುದನ್ನೇ ಹಿಡಿದುಕೊಂಡಳು. ಮಗಳು ರೇಡಿಯೊದಲ್ಲಿ ನಾಟಿ ಹಾಡು ಹಾಕುತ್ತಾಳೆಂದು ಬೀದಿಯ ಹೆಂಗಸರಿಗೆಲ್ಲ ಹೇಳಿಬಂದಳು.

ಸೋಮವಾರ ಸ್ಟುಡಿಯೊದಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಹೊಸಬರೊಬ್ಬರು ಕೂತಿದ್ದರು. ವಯಸ್ಸಾದ ಆಂಗ್ಲೋ ಇಂಡಿಯನ್. ವಿಮಾನಪುರದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಮನೆ ನಮ್ಮ ಕೇಂದ್ರದ ಹಿಂದಿನ ಗಲ್ಲಿಯಲ್ಲಿ. ಯೌವನದಲ್ಲಿ ದಂಡಿನ ಕಡೆಯ, ಅಂದರೆ ಕಂಟೋನ್ಮೆಂಟಿನ, ಡಾನ್ಸ್ ಹಾಲುಗಳಲ್ಲಿ ಗಿಟಾರು ನುಡಿಸಿ ಇದೇ ಹಾಡುಗಳನ್ನು ಹಾಡಿದ್ದರಂತೆ. ಹಾಡು ಆರಿಸುವ ಕೆಲಸಕ್ಕೆ ಅವರನ್ನು ಕರೆಸಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಟೈ, ಕಾಲ ಬಳಿ ಕ್ಯಾಸೆಟ್ಟು ರೆಕಾರ್ಡುಗಳು ತುಂಬಿದ ಹಳೆಯ ಸೂಟ್‌ಕೇಸು.

“ಗುಡ್ ಆಫ್ಟರ್‌ನೂನ್ ಮಾ. ಇವತ್ತು ನಂಗೆ ಬರ್ತ್‌ಡೇ ಥರ ಇದೆ” ಎಂದರು. ಅವರ ಕನ್ನಡಕ್ಕೆ ತಮಿಳಿನ ಎಳೆತವಿತ್ತು.

ಪ್ರಸಾರದ ಕೆಂಪು ದೀಪ ಹತ್ತಿತು. ಕೊಟ್ಟ ಇಂಗ್ಲಿಷ್ ಹಾಳೆಯನ್ನು ಓದಿದೆ. ಹೆಡ್‌ಫೋನಿನಲ್ಲಿ ಕೇಳಿದ ದನಿ ಬೇರೆ ಯಾರದೋ ಎನ್ನಿಸಿತು. ಮೊದಲ ಹಾಡು ಬಹಳ ನಿಧಾನ, ಹಾಡುವವನು ಇನ್ನೇನು ಅತ್ತೇಬಿಡುತ್ತಾನೆ ಎನ್ನುವಂತಿತ್ತು.

“ದುಃಖದ ಹಾಡಾ ಅಂಕಲ್?” ಎಂದು ಕೇಳಿದೆ.

“ನೋ ನೋ, ಇವನಿಗೆ ತುಂಬಾ ಖುಷಿ. ಮನೆಗೆ ಹೋಗ್ತಾ ಇದಾನೆ.”

ಎರಡನೆಯದಕ್ಕೆ ನನ್ನ ಕಾಲು ತಾನಾಗಿ ತಾಳ ಹಾಕತೊಡಗಿತು. ಇದು ಖುಷಿಯದು ಎಂದುಕೊಂಡು ನಗುತ್ತ ಮೈಕಿನ ಬಳಿ ಸರಿದೆ. ಅವರು ಕೈ ಅಡ್ಡ ಹಿಡಿದರು. “ಸ್ಮೈಲ್ ಬೇಡ ಮಾ. ಇವನ ಹೆಂಡ್ತಿ ಬಿಟ್ಟು ಹೋಗಿದಾಳೆ.”

ಕನ್ನಡ ಹಾಡಿನ ಮೊದಲ ಸಾಲಿಗೇ ನನ್ನ ದನಿ ಹೇಗಿರಬೇಕೆಂದು ನನಗೆ ತಿಳಿಯುತ್ತಿತ್ತು. ಇಲ್ಲಿ ಪ್ರತಿ ಹಾಡಿಗೂ ಅವರ ಮುಖ ನೋಡಬೇಕಾಯಿತು.

ಫೋನುಗಳು ಶುರುವಾದವು. “ಮೇಡಂ, ನಿಮ್ ಸ್ಟೇಷನ್ ಮೇಲೆ ಬೇರೆ ಸ್ಟೇಷನ್ ಬಂದು ಕೂತಿದೆ” ಎಂದ ಒಬ್ಬ ಆಟೋ ಚಾಲಕ. ಇನ್ನೊಬ್ಬರು ದನಿ ತಗ್ಗಿಸಿ, “ಯಾರಾದ್ರೂ ದೊಡ್ಡೋರು ಹೋಗ್ಬಿಟ್ರಾ? ಬೆಳಗ್ಗೆಯಿಂದ ಶೋಕದ ಹಾಡು ಬರ್ತಿದೆ” ಎಂದು ಕೇಳಿದರು. ಫಾರ್ಮ್ಯಾಟ್ ಬದಲಾಗಿದೆ ಎಂದು ಹೇಳಿ ಎಂದು ಮ್ಯಾನೇಜರು ಕಲಿಸಿಕೊಟ್ಟಿದ್ದರು. ಹೇಳಿದೆ. “ಅಂದ್ರೆ?” ಎಂದರು ಅವರು. ಅದರ ಮುಂದೆ ನನಗೆ ಕಲಿಸಿರಲಿಲ್ಲ. ಅದೇ ಹೊತ್ತಿಗೆ ಕಾಕ್ಸ್ ಟೌನಿನ ಮುದುಕಿಯೊಬ್ಬರು ಇಂಗ್ಲಿಷಿನಲ್ಲಿ ಮಾತಾಡುತ್ತ, ಈ ಹಾಡು ಕೇಳದೆ ಎಷ್ಟೋ ವರ್ಷವಾಗಿತ್ತು ಎಂದು ಫೋನಿನಲ್ಲೇ ಅತ್ತುಬಿಟ್ಟರು. ನಾನು ಅವರಿಗೆ ಸಮಾಧಾನ ಹೇಳಬೇಕೋ ಅವರ ಜೊತೆ ಸಂತೋಷಪಡಬೇಕೋ ಅದೂ ತಿಳಿಯಲಿಲ್ಲ.

ಸಂಜೆ ಮನೆಗೆ ಹೋದಾಗ ಅಮ್ಮ ಅಂಗಳದಲ್ಲಿ ಒಬ್ಬಳೇ ಕೂತಿದ್ದಳು. ರೇಡಿಯೊ ಕೇಳಲು ಬಂದಿದ್ದ ಹೆಂಗಸರೆಲ್ಲ ಒಂದೆರಡು ಹಾಡಿಗೇ ಎದ್ದುಹೋದರಂತೆ.

“ಮಾತಾಡಿದ್ದು ನೀನೇನಾ?”

“ಹೂಂ.”

“ಯಾಕಂಗೆ ಹೆದರ್ಕೊಂಡಿದ್ದೆ?”

ನಾನು ಹೆದರಿದ್ದೆನೆಂದು ಆಗಲೇ ನನಗೆ ಗೊತ್ತಾದದ್ದು.

ಅದೇ ವಾರ ಹಲಸೂರಿನ ಆ ಹೆಂಗಸು ಕೇಂದ್ರಕ್ಕೇ ಬಂದರು. ಅವರನ್ನು ಅದುವರೆಗೆ ನೋಡಿರಲಿಲ್ಲ, ಬಾಯಿ ತೆರೆದ ಮೇಲೆ ಗುರುತು ಸಿಕ್ಕಿತು. ಬಟ್ಟೆ ಚೀಲದಿಂದ ಪುಟ್ಟ ರೇಡಿಯೊ ತೆಗೆದು ಮೇಜಿನ ಮೇಲಿಟ್ಟರು.

“ರಿಪೇರಿಯವನಿಗೆ ತೋರಿಸ್ದೆ. ಸೆಟ್ ಸರಿಯಾಗಿದೆ ಅಂದ. ಆದ್ರೆ ನೋಡಮ್ಮಾ, ದನಿ ನಿಂದು ಬರ್ತಿದೆ, ಮಾತು ಇಂಗ್ಲಿಷ್ ಬರ್ತಿದೆ. ಟಿವಿಯಲ್ಲಿ ಭಾಷೆ ಬದಲಾಯಿಸಿ ಹಾಕ್ತಾರಲ್ಲ, ಹಾಗೇನಾದ್ರೂ ಆಗಿದ್ಯಾ?”

“ಇಲ್ಲಮ್ಮ. ಮಾತಾಡ್ತಿರೋದು ನಾನೇ.”

“ನೀನು ಕನ್ನಡದವಳಲ್ವಾ?”

“ಹೌದು.”

“ಮತ್ತೆ?”

ನಾನು ರೇಡಿಯೊ ಎತ್ತಿ ಅವರ ಚೀಲಕ್ಕೆ ಹಾಕಿಕೊಟ್ಟೆ. ಅಷ್ಟರಲ್ಲಿ ನೀರು ಕುಡಿಯಲು ಸ್ಟುಡಿಯೊದಿಂದ ಹೊರಬಂದ ಆಂಗ್ಲೋ ಇಂಡಿಯನ್ ಹಿರಿಯರು ಅವರಿಗೆ ಕುರ್ಚಿ ಎಳೆದು ಕೊಟ್ಟರು. ಸ್ಪೀಕರಿನಲ್ಲಿ ಬರುತ್ತಿದ್ದ ಹಾಡನ್ನು ತಮ್ಮ ಕನ್ನಡದಲ್ಲಿ ಬಿಡಿಸಿ ಹೇಳತೊಡಗಿದರು. ಒಬ್ಬ ತನ್ನ ಕುದುರೆ ಮಾರಿದ್ದಾನೆ, ಖಾಲಿ ಲಾಯದ ಮುಂದೆ ನಿಂತಿದ್ದಾನೆ. ಆಕೆ ತಲೆ ಬಗ್ಗಿಸಿ ಕೇಳಿಸಿಕೊಂಡರು.

“ಕುದುರೆ ಮಾರಿದ್ದಕ್ಕೆ ಇಷ್ಟೊಂದು ಅಳ್ತಾನಾ?”

“ಅಳ್ತಾ ಇಲ್ಲಮ್ಮಾ, ಹಾಡ್ತಾ ಇದಾನೆ.”

“ಅಷ್ಟು ಪ್ರೀತಿ ಇದ್ದೋನು ಯಾಕೆ ಮಾರ್ದ?”

ಹಿರಿಯರು ನಕ್ಕುಬಿಟ್ಟರು. ಅವರೂ ಅದನ್ನು ಯೋಚಿಸಿರಲಿಲ್ಲವೆಂದು ಕಾಣುತ್ತದೆ.

ಮೆಟ್ಟಿಲವರೆಗೆ ಕಳಿಸಲು ಹೋದಾಗ ಆಕೆ ನನ್ನ ಕೈ ಹಿಡಿದುಕೊಂಡರು. “ಅವರು ಒಳ್ಳೆಯವರಮ್ಮಾ. ಆದ್ರೆ ನಾನು ಇನ್ಮೇಲೆ ಬೇರೆ ಸ್ಟೇಷನ್ ಹಾಕ್ಕೋತೀನಿ. ಬೇಜಾರ್ ಮಾಡ್ಕೋಬೇಡ.” ನನಗೆ ಸಿಟ್ಟು ಬಂದಿತ್ತು. ಒಳಗೆ ಬಂದು ನೋಡಿದರೆ ಆ ಹಿರಿಯರು ಕಣ್ಣು ಮುಚ್ಚಿ, ಮೊಣಕಾಲಿನ ಮೇಲೆ ಬೆರಳಾಡಿಸುತ್ತ ಹಾಡು ಕೇಳುತ್ತಿದ್ದರು. ಅವರ ಮೇಲೆ ಸಿಟ್ಟು ನಿಲ್ಲಲಿಲ್ಲ. ಬೇರೆ ಯಾರ ಮೇಲೆ ಇಡಬೇಕೆಂದೂ ಹೊಳೆಯಲಿಲ್ಲ.

ಹಾಡಿನ ಅರ್ಥವನ್ನಾದರೂ ಕನ್ನಡದಲ್ಲಿ ಹೇಳುತ್ತೇನೆ ಎಂದು ಮ್ಯಾನೇಜರನ್ನು ಕೇಳಿದೆ. ಒಪ್ಪಿದರು. ಕೆಲವು ದಿನ ಹೇಳಿದೆ, ಹಳೆಯ ಕೇಳುಗರು ಒಬ್ಬಿಬ್ಬರು ಮರಳಿ ಫೋನು ಮಾಡಿದರು. ಆಮೇಲೆ ಮೇಲಿನಿಂದ ಬೇಡ ಎಂದು ಬಂತು. “ಎರಡೂ ಭಾಷೆ ಹಾಕಿದ್ರೆ ಜನ ಕನ್‌ಫ್ಯೂಸ್ ಆಗ್ತಾರಂತೆ” ಎಂದರು ಮ್ಯಾನೇಜರು.

ತಿಂಗಳುಗಳು ಕಳೆದವು. ಯಾವುದು ದುಃಖ, ಯಾವುದು ಖುಷಿ ಎಂದು ಕೇಳದೆ ತಿಳಿಯುವಷ್ಟು ಪಳಗಿದೆ. ಕೆಲವು ಹಾಡು ನನಗೇ ಗೊತ್ತಿಲ್ಲದಂತೆ ಇಷ್ಟವಾದವು. ಬಸ್ಸಿನಲ್ಲಿ ಗುನುಗಲು ಶುರುಮಾಡಿ, ಯಾರೋ ನೋಡಿದರೆಂದು ನಿಲ್ಲಿಸಿದ್ದೂ ಇದೆ. ಆದರೆ ಜಾಹೀರಾತು ಬರಲಿಲ್ಲ.

ಒಂದು ಮಧ್ಯಾಹ್ನ ಹೋದಾಗ ಕಂಪ್ಯೂಟರಿನ ತುಂಬ ಹಿಂದಿ ಹಾಡುಗಳಿದ್ದವು. “ಇವತ್ತಿಂದ ಹಿಂದಿ ಹಿಟ್ಸ್. ನಿಮಗೆ ಹಿಂದಿ ಬರತ್ತಲ್ಲ?” ಎಂದರು ಮ್ಯಾನೇಜರು.

“ಬರಲ್ಲ ಸರ್” ಎಂದೆ. ಉರ್ದು ಮಾತಾಡುವ ಶಿವಾಜಿನಗರದ ಗೆಳತಿಯರ ಜೊತೆ ಕಾಲೇಜು ಓದಿದವಳು ನಾನು, ಚೆನ್ನಾಗಿಯೇ ಬರುತ್ತಿತ್ತು. ಯಾಕೆ ಹಾಗೆಂದೆ ಎಂದು ಇವತ್ತಿಗೂ ಗೊತ್ತಿಲ್ಲ.

ಕೆಲಸ ಅಲ್ಲಿಗೇ ಬಿಟ್ಟು ಕೆಳಗಿಳಿಯುವಾಗ ಆ ಹಿರಿಯರು ಸೂಟ್‌ಕೇಸು ಹಿಡಿದು ಮೆಟ್ಟಿಲು ಹತ್ತುತ್ತಿದ್ದರು. ಅವರಿಗೆ ಯಾರೂ ಹೇಳಿರಲಿಲ್ಲ. ನಾನು ಹೇಳಿದೆ.

“ಎಲ್ಲಾನೂ? ಸಂಡೇ ಮಾರ್ನಿಂಗ್ ಕೂಡ ಇಲ್ವಾ?”

“ಇಲ್ಲ ಅಂಕಲ್.”

ಅವರು ಸೂಟ್‌ಕೇಸನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು. “ಸರಿ ಮಾ” ಎಂದು ತಿರುಗಿದರು. ನನ್ನ ಹಾಡುಗಳನ್ನು ಓಡಿಸಿದ ಹಾಡುಗಳು ಈಗ ತಾವೇ ಹೊರಬಿದ್ದಿದ್ದವು. ಒಳಗೆ ಎಲ್ಲೋ ಒಂದು ಚೂರು ಸಮಾಧಾನ ಇರಬೇಕಿತ್ತು, ಹುಡುಕಿದರೂ ಸಿಗಲಿಲ್ಲ. ಸೂಟ್‌ಕೇಸು ನಾನು ತೆಗೆದುಕೊಂಡೆ. ಭಾರವಾಗಿತ್ತು.

ಹಿಂದಿನ ಗಲ್ಲಿಯ ಮನೆ ಮುಟ್ಟಿದಾಗ ಅವರ ಹೆಂಡತಿ ಬಾಗಿಲು ತೆರೆದು, ಇಷ್ಟು ಬೇಗ ಯಾಕೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. “ಇವತ್ತು ರಜಾ” ಎಂದರು ಅವರು, ನನ್ನ ಕಡೆ ನೋಡದೆ. ನಾನು ಸೂಟ್‌ಕೇಸನ್ನು ಬಾಗಿಲ ಪಕ್ಕ ಇಟ್ಟೆ. ಆಕೆ ನಂಬಿದರೋ ಇಲ್ಲವೋ, ಇನ್ನೊಂದು ತಟ್ಟೆ ತಂದಿಟ್ಟರು. ತೆಂಗಿನಹಾಲಿನ ಹಳದಿ ಅನ್ನ, ಕೈಮಾ ಉಂಡೆಯ ಸಾರು. ಮೂವರೂ ಊಟ ಮಾಡಿದೆವು. ಮಾತೆಲ್ಲ ಮೀನಿನ ಬೆಲೆಯ ಬಗ್ಗೆ, ಪಕ್ಕದ ಮನೆಯ ನಾಯಿಯ ಬಗ್ಗೆ.

ಮುಂದೆ ಇಂದಿರಾನಗರದ ಶಾಲೆಯೊಂದರಲ್ಲಿ ಕನ್ನಡ ಕಲಿಸುವ ಕೆಲಸಕ್ಕೆ ಸಂದರ್ಶನವಿತ್ತು. ಹಿಂದಿನ ಕೆಲಸ ಯಾಕೆ ಬಿಟ್ಟಿರಿ ಎಂದು ಕೇಳಿದರು. ಕನ್ನಡವಿತ್ತು, ಆಮೇಲೆ ಇಂಗ್ಲಿಷ್ ಬಂತು, ಅದೂ ಹೋಗಿ ಹಿಂದಿ ಬಂತು ಎಂದು ಹೇಳತೊಡಗಿ, ಎದುರಿಗಿದ್ದವರ ಮುಖ ನೋಡಿ ಅರ್ಧಕ್ಕೆ ನಿಲ್ಲಿಸಿದೆ. “ಸ್ಟೇಷನ್ ಬದಲಾಯ್ತು ಮೇಡಂ” ಎಂದೆ. ವರ್ಗವಾಗಿ ಊರು ಬದಲಾಯಿತೆಂದು ತಿಳಿದುಕೊಂಡರೋ ಏನೋ, ಅವರು ತಲೆಯಾಡಿಸಿ, ಮಕ್ಕಳಿಗೆ ಒತ್ತಕ್ಷರ ಹೇಗೆ ಕಲಿಸುತ್ತೀರಿ ಎಂದು ಕೇಳಿದರು.